ಇ4 ಆಡೋದಾ, ಡಿ4 ಆಡೋದಾ? ಚೆಸ್ ಹೊಸಬರಿಗೊಂದು ಹೋಲಿಕೆಯ ಮಾರ್ಗದರ್ಶಿ

ಕಾಯಿಗಳು ಹೇಗೆ ನಡೆಯುತ್ತವೆ ಅಂತ ಗೊತ್ತು. ಆದರೆ ಬೋರ್ಡ್ ಮುಂದೆ ಕೂತಾಗ ಏನನ್ನು ಆರಿಸಬೇಕು ಅಂತ ಗೊತ್ತಾಗುವುದಿಲ್ಲ. ಈ ಬರಹ ಅಂಥವರಿಗಾಗಿ. 2024ರ ಡಿಸೆಂಬರ್‌ನಲ್ಲಿ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲಂತೂ ನಮ್ಮ ಬೆಂಗಳೂರಿನಲ್ಲಿ ಇಂಥ ಪ್ರಶ್ನೆಗಳು ಎಲ್ಲಿ ಹೋದರೂ ಕೇಳುತ್ತವೆ: ಇಟಾಲಿಯನ್ ಕಲಿಯಲಾ ಲಂಡನ್ ಕಲಿಯಲಾ (ಇವೆರಡೂ ಓಪನಿಂಗ್‌ಗಳು, ಅಂದರೆ ಆಟ ಶುರು ಮಾಡುವ ಪದ್ಧತಿಗಳು), ಕುದುರೆ ಉಳಿಸಿಕೊಳ್ಳಲಾ ಒಂಟೆ ಉಳಿಸಿಕೊಳ್ಳಲಾ, ಮೂರು ನಿಮಿಷದ ಆಟ ಆಡಲಾ ಹದಿನೈದು ನಿಮಿಷದ್ದಾ, ಮಗಳನ್ನು ಕೋಚಿಂಗ್‌ಗೆ ಹಾಕಲಾ ಬೇಡವಾ.

ಉತ್ತರ ಹೇಳುವವರು ಸಾಮಾನ್ಯವಾಗಿ "ಯಾವುದು ಸ್ಟ್ರಾಂಗ್" ಅಂತ ನೋಡಿ ಹೇಳುತ್ತಾರೆ. ನನ್ನ ಅಳತೆ ಬೇರೆ. ಹೊಸಬರ ಆಟದಲ್ಲಿ ಸೋಲು ಗೆಲುವು ತೀರ್ಮಾನ ಆಗುವುದು ಕೈಯಾರೆ ಬಿಟ್ಟುಕೊಟ್ಟ ಕಾಯಿಗಳಿಂದ. ಒಬ್ಬರು ಕುದುರೆಯನ್ನು ಸುಮ್ನೆ ಬಿಟ್ಟುಕೊಡುತ್ತಾರೆ, ಇನ್ನೊಬ್ಬರು ಅದನ್ನು ನೋಡುತ್ತಾರೆ ಅಥವಾ ನೋಡುವುದಿಲ್ಲ, ಅಷ್ಟೇ. ಹಾಗಾಗಿ ಎರಡು ದಾರಿ ಇದ್ದಾಗ ಯಾವ ದಾರಿ ನಿಮ್ಮನ್ನು "ಎದುರಾಳಿ ಈಗ ಯಾಕೆ ಹೀಗೆ ಆಡಿದರು" ಅಂತ ಪ್ರತಿ ಸಲ ಕೇಳಿಕೊಳ್ಳುವಂತೆ ಮಾಡುತ್ತದೋ ಅದನ್ನೇ ಹಿಡಿಯಿರಿ ಅನ್ನುವುದು ನನ್ನ ಸಲಹೆ. ಕೆಳಗಿನ ಎಲ್ಲ ಹೋಲಿಕೆಗಳನ್ನೂ ಇದೇ ಅಳತೆಯಲ್ಲಿ ಮಾಡಿದ್ದೇನೆ.

ಮೊದಲು ಹೆಸರುಗಳು. ಇಲ್ಲಿ ಆನೆ ಅಂದರೆ ಮೂಲೆಯಲ್ಲಿ ನಿಲ್ಲುವ, ನೇರವಾಗಿ ಓಡುವ ಕಾಯಿ. ಒಂಟೆ ಓರೆಯಾಗಿ ಓಡುತ್ತದೆ. ರಾಣಿಯನ್ನು ನಿಮ್ಮ ಮನೆಯಲ್ಲಿ ಮಂತ್ರಿ ಅನ್ನುತ್ತಿರಬಹುದು. ಮುಂದಿನ ಸಾಲಿನ ಎಂಟು ಕಾಯಿಗಳನ್ನು ಪಾನ್ ಅಂತ ಬರೆದಿದ್ದೇನೆ. ಮನೆಗಳಿಗೆ ಬಿಳಿಯವರ ಎಡಗಡೆಯಿಂದ ಎ, ಬಿ, ಸಿ ಅಂತ ಎಚ್‌ವರೆಗೆ, ಅವರ ಕಡೆಯಿಂದ ಮೇಲಕ್ಕೆ 1ರಿಂದ 8ರವರೆಗೆ. ಬೋರ್ಡ್ ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಇನ್ನೊಂದು ವಿಷಯ. ಊರಿನಲ್ಲಿ ಅಜ್ಜನ ಹತ್ತಿರ ಚದುರಂಗ ಕಲಿತವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆ ಹಳೆಯ ಪದ್ಧತಿಯಲ್ಲಿ ಪಾನ್ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ, ಚೆಕ್ ಬೀಳುವುದಕ್ಕೆ ಮುಂಚೆ ರಾಜ ಒಮ್ಮೆ ಕುದುರೆಯಂತೆ ಹಾರಬಹುದು. ಅದು ಚೆಂದದ ಆಟ, ಮನೆಯಲ್ಲಿ ಆಡುತ್ತಾ ಇರಿ. ಆದರೆ ಆ್ಯಪ್‌ನಲ್ಲಿ, ಪಂದ್ಯಾವಳಿಯಲ್ಲಿ ನಡೆಯುವುದು ಅಂತರರಾಷ್ಟ್ರೀಯ ನಿಯಮ. ಇಲ್ಲಿ ಬರೆದಿರುವುದೆಲ್ಲ ಅದಕ್ಕೆ ಮಾತ್ರ.

ಬಿಳಿ ಕಾಯಿ ಸಿಕ್ಕಾಗ: ಇಟಾಲಿಯನ್ ಅಥವಾ ಲಂಡನ್

ಇ4 ಆಡಿದರೆ ಒಂದೇ ನಡೆಯಲ್ಲಿ ರಾಣಿಗೂ ಒಂಟೆಗೂ ದಾರಿ ತೆರೆಯುತ್ತದೆ. ಕಪ್ಪು ಇ5 ಆಡಿದರೆ ನಿಮ್ಮ ಕುದುರೆ ಎಫ್3ಕ್ಕೆ ಬಂದು ಆ ಪಾನ್ ಮೇಲೆ ಕಣ್ಣಿಡುತ್ತದೆ. ಕಪ್ಪು ಕುದುರೆ ಸಿ6ಕ್ಕೆ ಬಂದು ಕಾಯುತ್ತದೆ. ನಿಮ್ಮ ಒಂಟೆ ಸಿ4ಕ್ಕೆ ಬಂದು ಎಫ್7ನ್ನು ನೋಡುತ್ತದೆ. ಇದೇ ಇಟಾಲಿಯನ್. ಮೂರೇ ನಡೆ, ಪ್ರತಿಯೊಂದಕ್ಕೂ ಕಣ್ಣಿಗೆ ಕಾಣುವ ಕಾರಣ ಇದೆ. ನಾಲ್ಕನೇ ನಡೆಗೆ ಬೇಕಿದ್ದರೆ ಕ್ಯಾಸ್ಲಿಂಗ್ (ರಾಜನನ್ನು ಎರಡು ಮನೆ ಸರಿಸಿ ಆನೆಯನ್ನು ಅವನ ಆಚೆ ಪಕ್ಕಕ್ಕೆ ತರುವ ನಡೆ) ಕೂಡ ಆಗಿಬಿಡುತ್ತದೆ.

ಲಂಡನ್‌ನಲ್ಲಿ ಮೊದಲು ಡಿ4, ಆಮೇಲೆ ಒಂಟೆ ಎಫ್4ಕ್ಕೆ, ಆಮೇಲೆ ಇ3, ಸಿ3, ಕುದುರೆ ಎಫ್3, ಇನ್ನೊಂದು ಕುದುರೆ ಡಿ2, ಒಂಟೆ ಡಿ3. ಕಪ್ಪು ಏನೇ ಆಡಲಿ, ನೀವು ಹೆಚ್ಚು ಕಡಿಮೆ ಇದನ್ನೇ ಜೋಡಿಸಿಕೊಂಡು ಕೂರಬಹುದು. 1922ರ ಲಂಡನ್ ಟೂರ್ನಿಯಿಂದ ಇದಕ್ಕೆ ಆ ಹೆಸರು ಬಂತು. ಯೂಟ್ಯೂಬ್‌ನಲ್ಲಿ ಹೊಸಬರಿಗೆ ಇದನ್ನೇ ಜಾಸ್ತಿ ಹೇಳುತ್ತಾರೆ. ದುರ್ಬಲ ಓಪನಿಂಗ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2023ರ ವಿಶ್ವ ಚಾಂಪಿಯನ್‌ಷಿಪ್‌ನ 6ನೇ ಆಟದಲ್ಲಿ ಚೀನಾದ ಡಿಂಗ್ ಲಿರೆನ್ ಇದನ್ನೇ ಆಡಿ ರಷ್ಯಾದ ನೆಪೋಮ್ನಿಯಾಚಿಯನ್ನು ಸೋಲಿಸಿದ್ದರು.

ಹಾಗಿದ್ದರೂ ಹೊಸಬರಿಗೆ ನಾನು ಇಟಾಲಿಯನ್ ಅನ್ನೇ ಹೇಳುತ್ತೇನೆ. ಯಾಕೆ ಅಂತ ಒಂದು ಸ್ಥಿತಿ ಇಟ್ಟು ತೋರಿಸುತ್ತೇನೆ.

ಇಟಾಲಿಯನ್‌ನ ಮೂರನೇ ನಡೆ ಆದ ಮೇಲೆ ಕಪ್ಪು ಏನು ಆಡಿದರು ಅನ್ನುವುದರ ಮೇಲೆ ನಿಮ್ಮ ನಾಲ್ಕನೇ ನಡೆ ನಿಂತಿದೆ. ಕುದುರೆಯನ್ನು ಜಿ5ಕ್ಕೆ ಹಾರಿಸಿ ಎಫ್7 ಮೇಲೆ ಎರಡು ಕಾಯಿ ಬೀಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಕಪ್ಪು ಕುದುರೆಯನ್ನು ಎಫ್6ಕ್ಕೆ ಆಡಿದ್ದರೆ ಈ ದಾಳಿ ಸರಿ. ಕಪ್ಪು ಒಂಟೆಯನ್ನು ಸಿ5ಕ್ಕೆ ಆಡಿದ್ದರೆ ಅದೇ ನಡೆ ಅನಾಹುತ, ಯಾಕೆಂದರೆ ಡಿ8ರಲ್ಲಿರುವ ರಾಣಿಗೆ ಜಿ5ರವರೆಗೆ ದಾರಿ ಖಾಲಿ ಇದೆ, ಬಂದು ನಿಮ್ಮ ಕುದುರೆಯನ್ನು ಪುಕ್ಕಟೆ ಹೊಡೆಯುತ್ತದೆ. ಒಂದು ಕಾಯಿ ಎಫ್6ರಲ್ಲಿ ಅಡ್ಡ ಇದೆಯಾ ಇಲ್ಲವಾ ಅನ್ನುವುದರ ಮೇಲೆ ಇಡೀ ಆಟ ನಿಂತಿದೆ. ಇದನ್ನು ಬಾಯಿಪಾಠ ಮಾಡಿ ದಾಟುವುದಕ್ಕೆ ಆಗುವುದಿಲ್ಲ, ನೋಡಲೇಬೇಕು.

ಸರಿ, ಕಪ್ಪು ಕುದುರೆ ಎಫ್6, ನಿಮ್ಮ ಕುದುರೆ ಜಿ5. ಕಪ್ಪು ಡಿ5 ಆಡಿ ನಿಮ್ಮ ಒಂಟೆಯ ದಾರಿ ಮುಚ್ಚುತ್ತಾರೆ. ನೀವು ಇ4ರ ಪಾನ್‌ನಿಂದ ಡಿ5 ಹೊಡೆಯುತ್ತೀರಿ. ಈಗ ಕಪ್ಪಿಗೆ ಸಹಜವಾಗಿ ಕೈ ಹೋಗುವುದು ಕುದುರೆಯಿಂದ ವಾಪಸ್ ಹೊಡೆಯುವುದಕ್ಕೆ. ಹಾಗೆ ಹೊಡೆದರೆ ನಿಮ್ಮ ಕುದುರೆ ಎಫ್7ಕ್ಕೆ ಬಲಿಯಾಗಿ ಹೋಗುತ್ತದೆ, ರಾಜ ಅದನ್ನು ತಿನ್ನುತ್ತಾನೆ, ನಿಮ್ಮ ರಾಣಿ ಎಫ್3ಕ್ಕೆ ಬಂದು ಚೆಕ್ ಕೊಡುತ್ತಾ ಡಿ5ರ ಕುದುರೆಯನ್ನೂ ನೋಡುತ್ತದೆ. ಆ ಕುದುರೆ ಉಳಿಸಿಕೊಳ್ಳಬೇಕು ಅಂದರೆ ರಾಜ ಇ6ಕ್ಕೆ, ಬೋರ್ಡಿನ ಮಧ್ಯಕ್ಕೆ ಬರಬೇಕು. ಇಲ್ಲಿಂದ ಕಪ್ಪು ಆಡುವವರ ಪಾಡು ಬೇಡ. ಅದಕ್ಕೇ ಗೊತ್ತಿರುವವರು ಡಿ5ರಲ್ಲಿ ವಾಪಸ್ ಹೊಡೆಯದೆ ಸಿ6ರ ಕುದುರೆಯನ್ನು ಎ5ಕ್ಕೆ ಆಡಿ ಒಂಟೆಯನ್ನು ಕೆಣಕುತ್ತಾರೆ. ಬಿಳಿ ಆಡಿದರೂ ಕಪ್ಪು ಆಡಿದರೂ ಈ ಐದಾರು ನಡೆಗಳಿಂದ ಕಲಿಯುವುದು ಬಹಳ ಇದೆ.

ಇದೇ ಎಫ್7ರಲ್ಲಿ ಇನ್ನೊಂದು ಆಯ್ಕೆ ಬರುತ್ತದೆ, ಹೊಸಬರು ದಿನಾ ಬೀಳುವ ಹಳ್ಳ ಅದು. ಕಪ್ಪು ಕ್ಯಾಸ್ಲಿಂಗ್ ಮಾಡಿಕೊಂಡಿದ್ದಾರೆ, ಎಫ್7ನ್ನು ಆನೆ ಮತ್ತು ರಾಜ ಕಾಯುತ್ತಿದ್ದಾರೆ. ನೀವು ಕುದುರೆಯಿಂದ ಹೊಡೆದಿರಿ, ಆನೆ ಹೊಡೆಯಿತು, ಒಂಟೆಯಿಂದ ಆನೆ ಹೊಡೆದಿರಿ, ರಾಜ ಹೊಡೆದ. ಲೆಕ್ಕ ಹಾಕಿ. ಪಾನ್‌ಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ರಾಣಿಗೆ 9. ಕೊಟ್ಟಿದ್ದು 6, ಸಿಕ್ಕಿದ್ದು 5 ಮತ್ತು 1 ಸೇರಿ 6. ಸಮ ಅಲ್ವಾ? ಕಾಗದದ ಮೇಲೆ ಸಮ. ಬೋರ್ಡ್ ಮೇಲೆ ನಿಮ್ಮ ಹೊರಗೆ ಬಂದಿದ್ದ ಎರಡು ಕಾಯಿಗಳೂ ಹೋದವು, ನಿಮ್ಮ ಆನೆಗಳು ಇನ್ನೂ ಮೂಲೆಯಲ್ಲಿ ನಿದ್ದೆ ಮಾಡುತ್ತಿವೆ, ಕಪ್ಪಿನ ಕುದುರೆ ಒಂಟೆಗಳು ಕೆಲಸಕ್ಕೆ ತಯಾರಾಗಿವೆ. ರಾಜ ಎಫ್7ಕ್ಕೆ ಬಂದ ಅಂತ ಖುಷಿಪಡಬೇಡಿ, ಅವನನ್ನು ಕಾಡುವುದಕ್ಕೆ ನಿಮ್ಮ ಹತ್ತಿರ ಕಾಯಿ ಉಳಿದಿಲ್ಲ. ಈ ಹೊಡೆದಾಟ ಬೇಡ. ಸುಮ್ನೆ ಡಿ3 ಆಡಿ, ಕ್ಯಾಸ್ಲಿಂಗ್ ಮಾಡಿ, ಉಳಿದ ಕಾಯಿಗಳನ್ನು ತನ್ನಿ.

ಲಂಡನ್‌ನಲ್ಲಿ ಇಂಥ ಪೆಟ್ಟುಗಳು ತಡವಾಗಿ ಬರುತ್ತವೆ. ಡಿ4ರ ಪಾನ್‌ಗೆ ಹಿಂದಿನಿಂದ ರಾಣಿಯ ಕಾವಲು ಮೊದಲೇ ಇರುತ್ತದೆ, ಹಾಗಾಗಿ ಆಟ ನಿಧಾನ. ತೊಂದರೆ ಏನೆಂದರೆ ಎದುರಾಳಿಯ ಕಡೆ ನೋಡದೆಯೇ ಏಳು ನಡೆ ಆಡಿ ಮುಗಿಸುವ ಅಭ್ಯಾಸ ಬೀಳುತ್ತದೆ. ಅಷ್ಟರಲ್ಲಿ ಕಪ್ಪು ಸಿ5 ಆಡಿ ರಾಣಿಯನ್ನು ಬಿ6ಕ್ಕೆ ತಂದಿರುತ್ತಾರೆ. ಸಿ1ರ ಒಂಟೆ ಹೊರಗೆ ಹೋದ ಮೇಲೆ ಬಿ2ರ ಪಾನ್ ಕಾಯುವವರು ಯಾರೂ ಇಲ್ಲ. ಬಾಯಿಪಾಠ ಮಾಡಿದವರು ಆರನೇ ನಡೆಗೆ ಅಂತ ಇಟ್ಟುಕೊಂಡಿದ್ದ ಕುದುರೆ ನಡೆ ಆಡುತ್ತಾರೆ, ಬಿ2 ಹೋಗುತ್ತದೆ. ನೋಡಿದವರು ರಾಣಿಯನ್ನು ಬಿ3ಕ್ಕೆ ಆಡಿ ನಗುತ್ತಾರೆ.

ವಾರಕ್ಕೆ ಒಂದು ಗಂಟೆ ಕೂಡ ಸಿಗದ, ಆಫೀಸು ಮುಗಿಸಿ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ಸುಸ್ತಾಗುವ ದೊಡ್ಡವರು ಲಂಡನ್ ಹಿಡಿದರೆ ನಾನು ಬೇಡ ಅನ್ನುವುದಿಲ್ಲ. ಆಟದ ಮಧ್ಯದವರೆಗೆ ಸುರಕ್ಷಿತವಾಗಿ ತಲುಪಿಸುತ್ತದೆ. ಮಕ್ಕಳಿಗೆ ಮತ್ತು ನಿಜವಾಗಿ ಮುಂದೆ ಹೋಗಬೇಕು ಅನ್ನುವವರಿಗೆ ಮೊದಲ ವರ್ಷ ಇ4.

ಮೂರನೇ ಆಯ್ಕೆ ಕ್ವೀನ್ಸ್ ಗ್ಯಾಂಬಿಟ್: ಡಿ4 ಡಿ5, ಸಿ4. ಪಾನ್ ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ, ನಿಜವಾಗಿ ಅಲ್ಲ. ಕಪ್ಪು ಹೊಡೆದರೆ ನೀವು ಇ3. ಅದನ್ನು ಉಳಿಸಿಕೊಳ್ಳಲು ಹೋಗಿ ಬಿ5 ಆಡಿದರೆ ಎ4. ಕಪ್ಪು ಸಿ6, ನೀವು ಎ ಪಾನ್‌ನಿಂದ ಬಿ5 ಹೊಡೆಯುತ್ತೀರಿ, ಕಪ್ಪು ಸಿ ಪಾನ್‌ನಿಂದ ವಾಪಸ್ ಹೊಡೆಯುತ್ತಾರೆ, ಆಗ ರಾಣಿ ಎಫ್3! ಎ8ರ ಆನೆಗೆ ನೇರ ಗುರಿ. ಕಡಿಮೆ ಅಂದರೂ ಒಂದು ಕುದುರೆಯೋ ಒಂಟೆಯೋ ಕೊಟ್ಟೇ ಕಪ್ಪು ಪಾರಾಗಬೇಕು. ಇದನ್ನು ಬೋರ್ಡ್ ಮೇಲೆ ಒಮ್ಮೆ ಆಡಿ ನೋಡಿ, ಬಹಳ ಸೊಗಸಾಗಿದೆ. ಆದರೆ ಒಳ್ಳೆಯ ಎದುರಾಳಿ ಪಾನ್‌ಗೆ ಅಂಟಿಕೊಳ್ಳುವುದಿಲ್ಲ, ಆಮೇಲಿನ ಆಟಕ್ಕೆ ಪಾನ್‌ಗಳ ರಚನೆ ಅರ್ಥ ಆಗಬೇಕು. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ರಾಣಿಯನ್ನು ಬೇಗ ತರುವ ನಾಲ್ಕು ನಡೆಯ ಮೇಟ್ (ರಾಜನಿಗೆ ತಪ್ಪಿಸಿಕೊಳ್ಳಲಾಗದ ಚೆಕ್) ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಣಿ ಎಚ್5, ಒಂಟೆ ಸಿ4, ಎಫ್7ರಲ್ಲಿ ಮೇಟ್. ಮಕ್ಕಳ ಟೂರ್ನಿಯಲ್ಲಿ ಇದರಿಂದ ಕೆಲವು ಪಾಯಿಂಟ್ ಸಿಗುತ್ತದೆ, ಆಮೇಲೆ ಸಿಗುವುದು ನಿಲ್ಲುತ್ತದೆ. ಇದನ್ನು ಆಡುವುದಕ್ಕಿಂತ ತಡೆಯುವುದನ್ನು ಕಲಿಯಿರಿ: ರಾಣಿ ಎಚ್5ಕ್ಕೆ ಬಂದಾಗ ಮೊದಲು ಕುದುರೆ ಸಿ6ರಿಂದ ಇ5 ಕಾಯಿರಿ, ಒಂಟೆ ಸಿ4ಕ್ಕೆ ಬಂದಾಗ ಜಿ6, ರಾಣಿ ಎಫ್3ಕ್ಕೆ ಸರಿದು ಮತ್ತೆ ಎಫ್7 ನೋಡಿದಾಗ ಕುದುರೆ ಎಫ್6. ಅಷ್ಟರಲ್ಲಿ ನಿಮ್ಮ ಎರಡೂ ಕುದುರೆ ಹೊರಗೆ ಬಂದಾಯಿತು, ಅವರ ರಾಣಿ ಓಡಾಡಿ ಸಮಯ ಕಳೆದಾಯಿತು.

ಕಪ್ಪು ಕಾಯಿ ಸಿಕ್ಕಾಗ

ಇ4ಗೆ ಉತ್ತರವಾಗಿ ನಾಲ್ಕು ದಾರಿ ಎಲ್ಲರ ಬಾಯಲ್ಲೂ ಇವೆ: ಇ5, ಕಾರೋ-ಕಾನ್, ಫ್ರೆಂಚ್, ಸಿಸಿಲಿಯನ್.

ಸಿಸಿಲಿಯನ್ ಅಂದರೆ ಸಿ5. ದೊಡ್ಡ ಆಟಗಾರರ ಅಚ್ಚುಮೆಚ್ಚು. ಹೊಸಬರಿಗೆ ಬೇಡ. ಒಂದೊಂದು ಕವಲಿಗೂ ಬೇರೆ ಬೇರೆ ಓದು ಬೇಕು, ರಾಜ ಮಧ್ಯದಲ್ಲೇ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ.

ಫ್ರೆಂಚ್ ಮತ್ತು ಕಾರೋ-ಕಾನ್ ಎರಡೂ ಡಿ5 ಆಡುವುದಕ್ಕೆ ಮಾಡಿಕೊಳ್ಳುವ ತಯಾರಿ. ಫ್ರೆಂಚ್‌ನಲ್ಲಿ ಮೊದಲು ಇ6, ಕಾರೋ-ಕಾನ್‌ನಲ್ಲಿ ಮೊದಲು ಸಿ6. ವ್ಯತ್ಯಾಸ ಒಂದೇ ಪಾನ್‌ನಲ್ಲಿದೆ, ಪರಿಣಾಮ ಸಿ8ರ ಒಂಟೆಯ ಮೇಲೆ. ಇ6 ಆಡಿದ ಕೂಡಲೇ ಆ ಒಂಟೆಯ ಬಾಗಿಲು ಮುಚ್ಚುತ್ತದೆ, ಎಷ್ಟೋ ಆಟಗಳಲ್ಲಿ ಕೊನೆಯವರೆಗೂ ಅದು ಹೊರಗೆ ಬರುವುದೇ ಇಲ್ಲ. ಸಿ6 ಆಡಿದರೆ ಒಂಟೆ ಮೊದಲು ಎಫ್5ಕ್ಕೆ ಹೋಗಿ, ಆಮೇಲೆ ಇ6 ಮುಚ್ಚಬಹುದು. ಹಾಗಂತ ಫ್ರೆಂಚ್ ಕೆಟ್ಟದ್ದಲ್ಲ. 2024ರ ಸಿಂಗಪುರದ ಮೊದಲ ಆಟದಲ್ಲೇ ಡಿಂಗ್ ಫ್ರೆಂಚ್ ಆಡಿ ಗುಕೇಶ್ ಅವರನ್ನು ಕಪ್ಪು ಕಾಯಿಯಲ್ಲಿ ಸೋಲಿಸಿದ್ದರು. ಆದರೆ ಇಕ್ಕಟ್ಟಿನಲ್ಲಿ ಆಡಿ ಅಭ್ಯಾಸ ಇಲ್ಲದವರಿಗೆ ಉಸಿರು ಕಟ್ಟುತ್ತದೆ. ಇವೆರಡರಲ್ಲಿ ಕಾರೋ-ಕಾನ್ ಮೇಲು.

ಇ5 ಮತ್ತು ಕಾರೋ-ಕಾನ್ ನಡುವೆ ನಿರ್ಧಾರ ಕಷ್ಟ. ಇ5 ಆಡಿದರೆ ಮೇಲೆ ಹೇಳಿದ ಎಫ್7 ಪೆಟ್ಟುಗಳೆಲ್ಲ ನಿಮ್ಮ ತಲೆಯ ಮೇಲೆ ಬೀಳುತ್ತವೆ. ಮೊದಲ ತಿಂಗಳು ಬಹಳ ಸೋಲುತ್ತೀರಿ. ಕಾರೋ-ಕಾನ್‌ನಲ್ಲಿ ಸೋಲು ಕಡಿಮೆ, ಪಾನ್‌ಗಳು ಗಟ್ಟಿ. ನನ್ನ ಮನಸ್ಸು ಇ5 ಕಡೆಗೇ. ಬಿಳಿಯಲ್ಲಿ ಇಟಾಲಿಯನ್ ಆಡುವವರಿಗೆ ಕಪ್ಪಿನಲ್ಲೂ ಅದೇ ಸ್ಥಿತಿಗಳು ಬರುತ್ತವೆ, ಒಂದೇ ಓದು ಎರಡು ಕಡೆ ಕೆಲಸ ಮಾಡುತ್ತದೆ. ಸೋತು ಸೋತು ಮಗುವಿಗೆ ಆಟವೇ ಬೇಡ ಅನಿಸುತ್ತಿದೆ ಅಂದರೆ ಮಾತ್ರ ಕಾರೋ-ಕಾನ್‌ಗೆ ಹೊರಳಿ.

ಡಿ4ಗೆ ಉತ್ತರ ಸುಲಭ. ಡಿ5 ಆಡಿ. ಸಿ4 ಬಂದರೆ ಇ6. ಕುದುರೆ ಎಫ್6, ಒಂಟೆ ಇ7, ಕ್ಯಾಸ್ಲಿಂಗ್. ಡಿ4ಗೆ ಇನ್ನೊಂದು ಉತ್ತರವಾದ ಕಿಂಗ್ಸ್ ಇಂಡಿಯನ್ ನೋಡುವುದಕ್ಕೆ ಆಕರ್ಷಕ, ಆದರೆ ಮಧ್ಯದ ಮನೆಗಳನ್ನು ಎದುರಾಳಿಗೆ ಬಿಟ್ಟುಕೊಟ್ಟು ಆಮೇಲೆ ಒಡೆಯುವುದು ಹೇಗೆ ಅಂತ ಗೊತ್ತಿಲ್ಲದಿದ್ದರೆ ಅದು ಬರೀ ಬಿಟ್ಟುಕೊಡುವುದೇ ಆಗುತ್ತದೆ.

ಕುದುರೆಯಾ, ಒಂಟೆಯಾ?

ಇಬ್ಬರಿಗೂ ಬೆಲೆ 3. ಮಧ್ಯದಲ್ಲಿ ನಿಂತ ಕುದುರೆ 8 ಮನೆ ನೋಡುತ್ತದೆ, ಅಂಚಿಗೆ ಹೋದರೆ ಹೆಚ್ಚೆಂದರೆ 4, ಮೂಲೆಯಲ್ಲಿ 2. ಖಾಲಿ ಬೋರ್ಡಿನ ಮಧ್ಯದಲ್ಲಿ ಒಂಟೆ 13 ಮನೆ ನೋಡುತ್ತದೆ, ಆದರೆ ಯಾವತ್ತೂ ಒಂದೇ ಬಣ್ಣದವು. ಪಾನ್‌ಗಳು ಒಂದಕ್ಕೊಂದು ಕಚ್ಚಿಕೊಂಡು ದಾರಿ ಮುಚ್ಚಿದ್ದರೆ ಕುದುರೆ ಉಳಿಸಿಕೊಳ್ಳಿ. ದಾರಿ ತೆರೆದಿದ್ದು, ಪಾನ್‌ಗಳು ಬೋರ್ಡಿನ ಎರಡೂ ಬದಿಯಲ್ಲಿದ್ದರೆ ಒಂಟೆ. ಎರಡೂ ಒಂಟೆ ಇದ್ದರೆ ಒಂದನ್ನು ಸುಮ್ನೆ ಕುದುರೆಗೆ ಕೊಟ್ಟು ಜೋಡಿ ಮುರಿಯಬೇಡಿ. ಪುಸ್ತಕದ ಉತ್ತರ ಇಷ್ಟೇ.

ಹೊಸಬರ ಮಟ್ಟದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಕುದುರೆಯ ಹಾರಾಟ ಕಣ್ಣಿಗೆ ತಕ್ಷಣ ಕಾಣುವುದಿಲ್ಲ. ರಾಜ ಮತ್ತು ರಾಣಿ ಎರಡನ್ನೂ ಒಟ್ಟಿಗೆ ಹೊಡೆಯುವ ಫೋರ್ಕ್‌ನಲ್ಲಿ ಎಷ್ಟು ಜನ ರಾಣಿ ಕಳೆದುಕೊಳ್ಳುತ್ತಾರೋ ಲೆಕ್ಕವಿಲ್ಲ. ಆದ್ದರಿಂದ ಇಬ್ಬರ ಹತ್ತಿರವೂ ಸಮಯ ಕಡಿಮೆ ಇದ್ದಾಗ ನಿಮ್ಮ ಕುದುರೆ ಇರಲಿ. ಕುದುರೆಯ ನಡೆ ಕೈಗೆ ಹತ್ತಬೇಕು ಅಂದರೆ ಖಾಲಿ ಬೋರ್ಡ್ ಮೇಲೆ ಒಂದು ಕುದುರೆ ಇಟ್ಟು 64 ಮನೆಗಳನ್ನೂ ತಲಾ ಒಂದೇ ಸಲ ಮುಟ್ಟಿಸಲು ನೋಡಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಕುದುರೆ ಬಂಧಗಳೆಂದರೆ ಪ್ರಾಣ, ತಾವೇ ಎಷ್ಟೋ ರಚಿಸಿದ್ದಾರೆ. ಇಂಥ ಆಸ್ತಿ ನಮ್ಮಲ್ಲೇ ಇರುವಾಗ ಮಕ್ಕಳಿಗೆ ತೋರಿಸದೆ ಇರುವುದು ನನಗೆ ಬೇಸರ.

ಕ್ಯಾಸ್ಲಿಂಗ್ ಬಗ್ಗೆ ಚಿಕ್ಕದಾಗಿ: ರಾಜನ ಕಡೆಗೇ ಮಾಡಿ. ಎರಡೇ ಕಾಯಿ ಸರಿಸಿದರೆ ಸಾಕು. ರಾಣಿ ಕಡೆಗೆ ಮಾಡಲು ಮೂರು ಕಾಯಿ ಸರಿಯಬೇಕು, ಮುಗಿದ ಮೇಲೂ ಎ ಪಾನ್ ಕಾವಲಿಲ್ಲದೆ ಉಳಿಯುತ್ತದೆ, ರಾಜನನ್ನು ಇನ್ನೊಂದು ಮನೆ ಸರಿಸಬೇಕಾಗುತ್ತದೆ. ಎದುರಾಳಿ ಒಂದು ಕಡೆ, ನೀವು ಇನ್ನೊಂದು ಕಡೆ ಮಾಡಿಕೊಂಡರೆ ಅದು ಪಾನ್ ನುಗ್ಗಿಸುವ ಓಟದ ಪಂದ್ಯ. ಅದರಲ್ಲಿ ಯಾರ ಪಾನ್ ಮೊದಲು ತಲುಪುತ್ತದೆ ಅಂತ ಎಣಿಸಲು ಬಂದ ಮೇಲೆ ಆಡಿ.

ಕಾಯಿ ಬದಲಾಯಿಸಿಕೊಳ್ಳಲಾ, ಬೇಡವಾ?

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಆಯ್ಕೆ. ಹೊಸಬರು ಇದನ್ನು ಆಯ್ಕೆ ಅಂತಲೇ ನೋಡುವುದಿಲ್ಲ. ಹೊಡೆಯಲು ಸಿಕ್ಕಿತು, ಹೊಡೆದರು.

ಪದ್ಧತಿ ಹೀಗಿದೆ. ನೀವು ಮುಂದಿದ್ದರೆ ಕಾಯಿಗಳನ್ನು (ಇಲ್ಲಿ ಪಾನ್ ಬಿಟ್ಟು ಉಳಿದವು) ಬದಲಾಯಿಸಿಕೊಳ್ಳುತ್ತಾ ಹೋಗಿ, ಪಾನ್‌ಗಳನ್ನು ಉಳಿಸಿಕೊಳ್ಳಿ. ಹಿಂದಿದ್ದರೆ ಪಾನ್‌ಗಳನ್ನು ಬದಲಾಯಿಸಿ, ಕಾಯಿಗಳನ್ನು ಉಳಿಸಿಕೊಳ್ಳಿ. ಕಾರಣ ಸರಳ: ಒಂದು ಪಾನ್ ಹೆಚ್ಚಿಗೆ ಇರುವುದು ಬೋರ್ಡ್ ತುಂಬ ಕಾಯಿ ಇದ್ದಾಗ ಅಷ್ಟೇನೂ ಅಲ್ಲ. ಬರೀ ರಾಜರು ಮತ್ತು ಪಾನ್‌ಗಳು ಉಳಿದಾಗ ಅದೇ ಪಾನ್ ರಾಣಿಯಾಗುತ್ತದೆ.

ಇದಕ್ಕೆ 2024ರ ಡಿಸೆಂಬರ್ 12ರ ಆಟಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಚಾಂಪಿಯನ್‌ಷಿಪ್‌ನ 14ನೇ ಆಟ, ಇಬ್ಬರಿಗೂ ಆರೂವರೆ ಪಾಯಿಂಟ್, ಕೊನೆಯ ಕ್ಲಾಸಿಕಲ್ (ನಿಧಾನ ಗಡಿಯಾರದ) ಆಟ. ಡಿಂಗ್ ಬಿಳಿ, ಗುಕೇಶ್ ಕಪ್ಪು. ಇಬ್ಬರ ಹತ್ತಿರವೂ ಒಂದು ಆನೆ, ಒಂದು ಒಂಟೆ. ಗುಕೇಶ್‌ಗೆ ಎರಡು ಪಾನ್, ಡಿಂಗ್‌ಗೆ ಒಂದು, ಎಲ್ಲವೂ ಒಂದೇ ಬದಿಯಲ್ಲಿ. ಆನೆ ಒಂಟೆ ಬೋರ್ಡ್ ಮೇಲೆ ಇರುವವರೆಗೆ ಡಿಂಗ್ ಡ್ರಾ ಮಾಡಿಕೊಳ್ಳಬಹುದಿತ್ತು. 55ನೇ ನಡೆಯಲ್ಲಿ ಅವರು ಆನೆಯನ್ನು ಎಫ್2ಕ್ಕೆ ತಂದು ಆನೆಗಳ ಬದಲಾವಣೆಗೆ ಮುಂದಾದರು. ಗುಕೇಶ್ ಆನೆ ಹೊಡೆದರು, ಡಿಂಗ್ ರಾಜನಿಂದ ವಾಪಸ್ ಹೊಡೆದರು, ಆಗ ಗುಕೇಶ್ ಒಂಟೆಯನ್ನು ಡಿ5ಕ್ಕೆ ಆಡಿದರು. ಡಿಂಗ್ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ, ಒಂಟೆಗಳೂ ಹೋಗಲೇಬೇಕು. ಉಳಿಯುವುದು ರಾಜ ಮತ್ತು ಎರಡು ಪಾನ್, ಎದುರಿಗೆ ರಾಜ ಮತ್ತು ಒಂದು ಪಾನ್. ಅದು ಗೆದ್ದ ಆಟ. 58 ನಡೆಗೆ ಡಿಂಗ್ ಸೋಲೊಪ್ಪಿದರು, 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ.

ನಿಮ್ಮ ಆಟದಲ್ಲಿ ಕಾಯಿ ಬದಲಾಯಿಸುವ ಮೊದಲು ಆ ಸ್ಥಿತಿಯನ್ನು ನೆನೆಸಿಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವೆರಡೂ ಹೋದ ಮೇಲೆ ಬೋರ್ಡ್ ಮೇಲೆ ಏನು ಉಳಿಯುತ್ತದೆ, ಅದು ಯಾರಿಗೆ ಚೆನ್ನಾಗಿದೆ? ಸಮ ಸ್ಥಿತಿ ಇದ್ದಾಗ ನಿಮ್ಮ ಕೆಲಸಕ್ಕೆ ಬಾರದ ಕಾಯಿಯನ್ನು ಅವರ ಚುರುಕಾದ ಕಾಯಿಗೆ ಬದಲಾಯಿಸಿ, ತಿರುಗಾಮುರುಗಾ ಬೇಡ.

ಮೂರು ನಿಮಿಷ, ಹತ್ತು ನಿಮಿಷ, ಅದಕ್ಕೂ ಜಾಸ್ತಿ

ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಲೆಕ್ಕದಲ್ಲಿ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬ್ಲಿಟ್ಜ್, 10ಕ್ಕಿಂತ ಹೆಚ್ಚು 60ಕ್ಕಿಂತ ಕಡಿಮೆ ಇದ್ದರೆ ರ‍್ಯಾಪಿಡ್. ಆ್ಯಪ್‌ಗಳಲ್ಲಿ 10 ನಿಮಿಷದ ಆಟವನ್ನು ರ‍್ಯಾಪಿಡ್ ಅಂತ ತೋರಿಸುತ್ತಾರೆ, ಅದನ್ನು ನೋಡಿ ನಿಧಾನದ ಆಟ ಆಡುತ್ತಿದ್ದೇನೆ ಅಂದುಕೊಳ್ಳಬೇಡಿ.

ಹೊಸಬರಿಗೆ ಸರಿಯಾದದ್ದು 15 ನಿಮಿಷ ಮತ್ತು ಪ್ರತಿ ನಡೆಗೆ 10 ಸೆಕೆಂಡ್ ಸೇರುವ ಆಟ. ಆ 10 ಸೆಕೆಂಡ್ ಬಹಳ ದೊಡ್ಡದು. ಗೆದ್ದ ಆಟವನ್ನು ಗಡಿಯಾರದಿಂದ ಸೋಲುವುದು ತಪ್ಪುತ್ತದೆ, ಕೊನೆಯಾಟ ನಿಜವಾಗಿ ಆಡಿ ಕಲಿಯಬಹುದು. ಒಂದು ನಿಮಿಷದ ಬುಲೆಟ್‌ನಲ್ಲಿ ಕಲಿಯುವುದು ಮೌಸ್ ಓಡಿಸುವುದನ್ನು ಮಾತ್ರ. ಮೂರು ನಿಮಿಷದ ಆಟ ದಿನಕ್ಕೆ ಒಂದೆರಡು ಖುಷಿಗೆ ಇರಲಿ.

ಮೆಟ್ರೋದಲ್ಲಿ ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ಹೋಗುವಾಗ ಆಡುವವರನ್ನು ನೋಡಿದ್ದೇನೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲ್. ಆ ಹೊತ್ತಿಗೆ ಆಟಕ್ಕಿಂತ ಪಜಲ್ ಬಿಡಿಸುವುದು ಒಳ್ಳೆಯದು. ಸುರಂಗದಲ್ಲಿ ನೆಟ್ ಕೈಕೊಟ್ಟರೂ ನಷ್ಟ ಇಲ್ಲ, ಯಾರೂ ಕಾಯುತ್ತಾ ಕೂತಿರುವುದಿಲ್ಲ.

ಏನು ಓದಬೇಕು ಅನ್ನುವ ಪ್ರಶ್ನೆಗೂ ಇದೇ ಸೇರುತ್ತದೆ. ಓಪನಿಂಗ್, ಪಜಲ್, ಕೊನೆಯಾಟ ಮೂರರಲ್ಲಿ ಸಮಯ ಹಂಚುವುದಾದರೆ ಅರ್ಧಕ್ಕಿಂತ ಹೆಚ್ಚು ಪಜಲ್‌ಗೆ ಕೊಡಿ. ಫೋರ್ಕ್, ಪಿನ್ (ಹಿಂದಿನ ದೊಡ್ಡ ಕಾಯಿ ಬಯಲಾಗುತ್ತದೆ ಅಂತ ಮುಂದಿನದು ಕದಲಲಾಗದ ಸ್ಥಿತಿ), ಸ್ಕ್ಯೂವರ್ (ಮುಂದಿನ ದೊಡ್ಡ ಕಾಯಿ ಸರಿದರೆ ಹಿಂದಿನದು ಹೋಗುವ ಸ್ಥಿತಿ), ಒಂದು ಮತ್ತು ಎರಡು ನಡೆಯ ಮೇಟ್. ಉಳಿದದ್ದು ಕೊನೆಯಾಟಕ್ಕೆ. ಓಪನಿಂಗ್ ಅನ್ನು ನಿಮ್ಮ ಸೋತ ಆಟ ನೋಡುವಾಗಲೇ ಒಂದೊಂದು ನಡೆ ಕಲಿತರೆ ಸಾಕು. ಕೊನೆಯಾಟದಲ್ಲಿ ಮೊದಲು ಬೇಕಾದದ್ದು ರಾಣಿ ಮತ್ತು ರಾಜನಿಂದ ಮೇಟ್, ಆನೆ ಮತ್ತು ರಾಜನಿಂದ ಮೇಟ್, ಆಮೇಲೆ ಒಂದೇ ಪಾನ್ ಇರುವ ಆಟ. ನಿಮ್ಮ ಪಾನ್‌ಗಿಂತ ಮುಂದೆ ನಿಮ್ಮ ರಾಜ ಆರನೇ ಸಾಲಿಗೆ ತಲುಪಿದ್ದರೆ, ಅದು ಎ ಅಥವಾ ಎಚ್ ಸಾಲಿನ ಪಾನ್ ಆಗಿಲ್ಲದಿದ್ದರೆ, ಸರದಿ ಯಾರದ್ದಾದರೂ ಗೆಲುವು ನಿಮ್ಮದೇ. ಪಾನ್ ಮುಂದೆ ಓಡಿಸಿ ರಾಜನನ್ನು ಹಿಂದೆ ಬಿಡುವವರು ಇದೇ ಆಟವನ್ನು ಡ್ರಾ ಮಾಡಿಕೊಳ್ಳುತ್ತಾರೆ.

ಆ್ಯಪ್, ಬೋರ್ಡ್, ಕೋಚಿಂಗ್

ಲಿಚೆಸ್ ಪೂರ್ತಿ ಉಚಿತ, ಜಾಹೀರಾತಿಲ್ಲ, ಜನರ ದೇಣಿಗೆಯಿಂದ ನಡೆಯುತ್ತದೆ. ಪಜಲ್‌ಗೂ ಕಂಪ್ಯೂಟರ್ ವಿಶ್ಲೇಷಣೆಗೂ ಕಾಸು ಕೇಳುವುದಿಲ್ಲ. ಚೆಸ್ ಡಾಟ್ ಕಾಮ್‌ನಲ್ಲಿ ಪಾಠಗಳು ಚೆನ್ನಾಗಿವೆ, ಜನ ಜಾಸ್ತಿ, ಆದರೆ ಉಚಿತ ಖಾತೆಗೆ ಮಿತಿ ಇದೆ. ಹೊಸಬರಿಗೆ ಲಿಚೆಸ್ ಸಾಕು. ಅಲ್ಲಿ ರೇಟಿಂಗ್, ಅಂದರೆ ಆಟಗಾರರ ಮಟ್ಟ ತೋರಿಸುವ ಅಂಕ, 1500ರಿಂದ ಶುರುವಾಗುತ್ತದೆ, ಹಾಗಾಗಿ ಇನ್ನೊಂದು ಕಡೆ ಆಡುವ ಗೆಳೆಯರ ಸಂಖ್ಯೆಯ ಜೊತೆ ಹೋಲಿಸಿ ಬೇಜಾರು ಮಾಡಿಕೊಳ್ಳುವುದಾಗಲಿ ಬೀಗುವುದಾಗಲಿ ಬೇಡ.

ಪರದೆ ಮೇಲೆ ಮಾತ್ರ ಆಡಿದವರಿಗೆ ನಿಜವಾದ ಬೋರ್ಡ್ ಮುಂದೆ ಓರೆ ದಾರಿಗಳು ಕಾಣುವುದಿಲ್ಲ, ಎದ್ದು ನಿಂತ ಕಾಯಿಗಳ ಹಿಂದೆ ಒಂಟೆ ಮರೆಯಾಗುತ್ತದೆ. ಆದ್ದರಿಂದ ವಾರಕ್ಕೆ ಒಮ್ಮೆಯಾದರೂ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಬೋರ್ಡ್ ಹಾಸಿ ಮನುಷ್ಯರ ಎದುರು ಕೂತು ಆಡಿ. ಪುಸ್ತಕ ಬೇಕಿದ್ದರೆ ಚರ್ಚ್ ಸ್ಟ್ರೀಟ್ ಮತ್ತು ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ಮೇಟ್ ಪಜಲ್‌ಗಳ ಪುಸ್ತಕ ತೆಗೆದುಕೊಳ್ಳಿ, ಓಪನಿಂಗ್ ಪುಸ್ತಕ ಬಿಡಿ.

ಕೋಚಿಂಗ್ ವಿಷಯಕ್ಕೆ ಬಂದರೆ, ಮೈಸೂರಿನ ತೇಜಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ಆದರು. ಅವರನ್ನು ನೋಡಿ ಆರು ವರ್ಷದ ಮಗುವನ್ನು ವಾರಕ್ಕೆ ಐದು ದಿನ ಕ್ಲಾಸಿಗೆ ತಳ್ಳುವ ಅಪ್ಪ ಅಮ್ಮಂದಿರು ಸ್ವಲ್ಪ ನಿಲ್ಲಬೇಕು. ಮೊದಲ ಆರು ತಿಂಗಳು ಮನೆಯಲ್ಲೇ ಜೊತೆಗೆ ಆಡಿ. ಮಗು ತಾನಾಗಿ ಬೋರ್ಡ್ ತೆಗೆದು ಕೂರುತ್ತದೆ ಅಂದರೆ ಕೋಚ್ ಹುಡುಕಿ. ಕೋಚ್ ಆರಿಸುವಾಗ ಅವರ ರೇಟಿಂಗ್‌ಗಿಂತ ಮುಂಚೆ ಒಂದು ವಿಷಯ ಕೇಳಿ: ಮಗು ಆಡಿದ ಆಟಗಳನ್ನು ಜೊತೆಗೆ ಕೂತು ನೋಡುತ್ತಾರಾ? ಬರೀ ಓಪನಿಂಗ್ ಸಾಲುಗಳನ್ನು ಮಗ್ಗಿಯಂತೆ ಒಪ್ಪಿಸಿಕೊಳ್ಳುವ ಕ್ಲಾಸಿಗಿಂತ, ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿ ಪರದೆ ತೋರಿಸುವ ಕ್ಲಾಸಿಗಿಂತ, ನೀವು ಮನೆಯಲ್ಲಿ ಆಡುವುದೇ ಮೇಲು.

ಮೊದಲ ಟೂರ್ನಿಗೆ ಕಳಿಸುವ ಮುಂಚೆ ಎರಡು ನಿಯಮ ಮಗುವಿನ ಕೈಗೆ ರೂಢಿ ಆಗಲಿ. ಮುಟ್ಟಿದ ಕಾಯಿಯನ್ನು ಆಡಲೇಬೇಕು. ಕ್ಯಾಸ್ಲಿಂಗ್ ಮಾಡುವಾಗ ಒಂದೇ ಕೈ ಬಳಸಬೇಕು, ರಾಜನನ್ನೇ ಮೊದಲು ಮುಟ್ಟಬೇಕು. ಆನೆಯನ್ನು ಮೊದಲು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆಗೆ ಕ್ಯಾಸ್ಲಿಂಗ್ ಮಾಡುವ ಹಾಗಿಲ್ಲ, ಆನೆಯನ್ನೇ ಆಡಬೇಕಾಗುತ್ತದೆ. ಆ್ಯಪ್‌ನಲ್ಲಿ ಆಡಿ ಬಂದ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ.